ಆರು ದಿನಕ್ಕೆ ನಾಲ್ಕು ದೇಶ ಬೇಡ, ಸ್ಲೊವೇನಿಯಾ ಒಂದೇ ಸಾಕು

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಈ ಸೆಪ್ಟೆಂಬರ್‌ಗೆ ನಮ್ಮ ಮದುವೆಯಾಗಿ 25 ವರ್ಷ. ಮ್ಯೂನಿಕ್‌ನಲ್ಲಿ ಓದುತ್ತಿರುವ ಮಗಳ ಹತ್ತಿರ ಎರಡು ವಾರ ಇರುತ್ತೇವೆ. ಆ ನಡುವೆ ಆರು ದಿನ ನಾವಿಬ್ಬರೇ ಕಾರಿನಲ್ಲಿ ತಿರುಗಾಡಿ ಬರುವ ಆಸೆ. ಸ್ಲೊವೇನಿಯಾ ನೋಡಿಕೊಂಡು ಹಾಗೇ ವೆನಿಸ್, ಕ್ರೊಯೇಷಿಯಾದ ಪ್ಲಿಟ್ವಿಟ್ಸೆ ಸರೋವರಗಳು, ಆಸ್ಟ್ರಿಯಾದ ಹಾಲ್‌ಸ್ಟಾಟ್ ಮುಗಿಸಬಹುದೇ? ನಮ್ಮ ಯಜಮಾನರು ಅರಬೈಲ್ ಘಾಟಿನಲ್ಲಿ ಎಷ್ಟೋ ಸಲ ಕಾರು ಓಡಿಸಿದ್ದಾರೆ. ಸ್ಲೊವೇನಿಯಾದ ವರ್ಷಿಚ್ ಘಾಟಿ ಅವರಿಗೆ ಆದೀತೇ? ನನಗೂ ಲೈಸೆನ್ಸ್ ಇದೆ, ಆದರೆ ಊರೊಳಗೆ ಮಾತ್ರ ಓಡಿಸಿದ್ದೇನೆ. ಇಬ್ಬರೂ ಸಸ್ಯಾಹಾರಿಗಳು.

ಉತ್ತರ: ಮೊದಲು ನಿಮ್ಮಿಬ್ಬರಿಗೂ ಶುಭಾಶಯಗಳು. ವೆನಿಸ್, ಪ್ಲಿಟ್ವಿಟ್ಸೆ, ಹಾಲ್‌ಸ್ಟಾಟ್ ಮೂರನ್ನೂ ಈ ಸಲ ಕೈಬಿಡಿ ಅಮ್ಮ. ಸ್ಲೊವೇನಿಯಾದ ವಿಸ್ತೀರ್ಣ ಸುಮಾರು 20,000 ಚದರ ಕಿ.ಮೀ., ನಿಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟು. ನಕ್ಷೆಯಲ್ಲಿ ಅದು ಚಿಕ್ಕದಾಗಿ ಕಾಣುವುದರಿಂದಲೇ ಜನ ಒಂದು ದಿನದಲ್ಲಿ ದಾಟಿ ಮುಂದಿನ ದೇಶಕ್ಕೆ ಹೋಗಿಬಿಡುತ್ತಾರೆ. ಆಲ್ಪ್ಸ್ ಪರ್ವತ, ಹಸಿರು ನದಿ, ಸುಣ್ಣಕಲ್ಲಿನ ಗುಹೆ, ಕೊನೆಗೆ ಸಮುದ್ರ, ಎಲ್ಲವೂ ಅಷ್ಟರೊಳಗೇ ಇದ್ದರೂ ದಾರಿಗಳು ಬಳಸಿ ಬಳಸಿ ಹೋಗುತ್ತವೆ. ಆರು ದಿನಕ್ಕೆ ಅದೇ ತುಂಬಿದ ತಟ್ಟೆ.

ಮ್ಯೂನಿಕ್‌ನಿಂದಲೇ ಕಾರು ತೆಗೆದುಕೊಂಡರೆ ರಾಜಧಾನಿ ಲುಬ್ಲಿಯಾನಾಕ್ಕೆ ಸುಮಾರು 400 ಕಿ.ಮೀ. ಆಸ್ಟ್ರಿಯಾದ ವಿನ್ಯೆಟ್ (ಹೆದ್ದಾರಿ ಬಳಸಲು ಕೊಳ್ಳಬೇಕಾದ ಚೀಟಿ), ಟೌರ್ನ್ ಹೆದ್ದಾರಿಯ ಸುಂಕ, ಗಡಿಯ ಕಾರವಾಂಕೆ ಸುರಂಗದ ಸುಂಕ, ಆಮೇಲೆ ಸ್ಲೊವೇನಿಯಾದ ವಿನ್ಯೆಟ್ ಎಲ್ಲವನ್ನೂ ಬೇರೆ ಬೇರೆಯಾಗಿ ಕಟ್ಟಬೇಕು. ಹಣಕ್ಕಿಂತ ದೊಡ್ಡ ಚಿಂತೆಯೆಂದರೆ, ಬಲಬದಿಯ ಸಂಚಾರಕ್ಕೆ ಹೊಸಬರಾದ ನೀವು ಜರ್ಮನಿಯ ಹೆದ್ದಾರಿಯ ವೇಗದಲ್ಲಿ ಕಲಿಯಲು ಶುರುಮಾಡಬೇಕಾಗುತ್ತದೆ. ರೈಲಿನಲ್ಲೋ ಬಸ್ಸಿನಲ್ಲೋ ಲುಬ್ಲಿಯಾನಾಕ್ಕೆ ಬಂದು ಅಲ್ಲಿ ಕಾರು ಬಾಡಿಗೆಗೆ ಪಡೆಯಿರಿ. ಆಟೊಮ್ಯಾಟಿಕ್ ಕಾರನ್ನೇ ಕೇಳಿ. ಗೇರನ್ನು ಬಲಗೈಯಲ್ಲಿ ಹುಡುಕುವ ಕೆಲಸವಾದರೂ ತಪ್ಪುತ್ತದೆ. ಇಂಡಿಕೇಟರ್ ಎಡಗೈ ಕಡೆ ಇರುತ್ತದೆ, ಅಭ್ಯಾಸಬಲದಿಂದ ಬಲಗೈ ಆಡಿಸಿದರೆ ವೈಪರ್ ಓಡುತ್ತದೆ. ಅದರಿಂದ ಅಪಾಯವೇನಿಲ್ಲ. ಅಪಾಯ ಬರುವುದು ಖಾಲಿ ರಸ್ತೆಯಲ್ಲಿ. ಪೆಟ್ರೋಲ್ ಬಂಕಿನಿಂದ ಹೊರಬರುವಾಗ, ಎಡಕ್ಕೆ ತಿರುಗುವಾಗ, ಎದುರಿಗೆ ಯಾರೂ ಇಲ್ಲದಿದ್ದರೆ ನಮ್ಮ ಕೈ ತಾನಾಗಿ ಎಡಬದಿಗೆ ಎಳೆಯುತ್ತದೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತವರು "ಬಲಕ್ಕೆ" ಎಂದು ಬಾಯಿಬಿಟ್ಟು ಹೇಳಬೇಕು. ಇದನ್ನು ಮೊದಲೇ ಮಾತಾಡಿಕೊಂಡಿರಿ, ಹೇಳಿದ್ದಕ್ಕೆ ಸಿಟ್ಟಾಗಬಾರದೆಂದೂ ಮಾತಾಡಿಕೊಂಡಿರಿ. ಅಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕೆಂಬ ಕಾನೂನಿದೆ. ಊರೊಳಗೆ 50, ಹೊರಗೆ 90, ಹೆದ್ದಾರಿಯಲ್ಲಿ 130 ಕಿ.ಮೀ. ಮಿತಿ.

ಮೊದಲ ಎರಡು ರಾತ್ರಿ ಬೊಹಿನ್ ಸರೋವರದ ಬಳಿ ಉಳಿಯಿರಿ. ಎಲ್ಲರೂ ಬ್ಲೆಡ್‌ನಲ್ಲಿ ಉಳಿಯುತ್ತಾರೆ. ಬ್ಲೆಡ್ ಸರೋವರದ ನಡುವಿನ ದ್ವೀಪ, ಅಲ್ಲಿಗೆ ಒಯ್ಯುವ ಪ್ಲೆತ್ನಾ ಎಂಬ ಮರದ ದೋಣಿ, ಚರ್ಚಿಗೆ ಹತ್ತುವ 99 ಮೆಟ್ಟಿಲು, ಎಲ್ಲ ಚೆಂದವೇ. ಮದುಮಗ ಮದುಮಗಳನ್ನು ಎತ್ತಿಕೊಂಡು ಆ ಮೆಟ್ಟಿಲು ಹತ್ತುವ ಪದ್ಧತಿ ಇದೆ, 25 ವರ್ಷದ ದಾಂಪತ್ಯಕ್ಕೆ ಕೈ ಹಿಡಿದು ಹತ್ತಿದರೂ ನಡೆದೀತು. ಆದರೆ ಬ್ಲೆಡ್‌ನಲ್ಲಿ ಜನಜಂಗುಳಿ ಹೆಚ್ಚು, ಬೆಳಗ್ಗೆ ಬೇಗ ಹೋಗಿ ನೋಡಿಬನ್ನಿ. ಅಲ್ಲಿಂದ 26 ಕಿ.ಮೀ. ದೂರದ ಬೊಹಿನ್ ಇನ್ನೂ ದೊಡ್ಡದು, ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದ ಒಳಗಿದೆ, ಸದ್ದು ಕಡಿಮೆ. ತ್ರಿಗ್ಲಾವ್ ಎಂದರೆ ಮೂರು ತಲೆಯದು, 2,864 ಮೀಟರ್ ಎತ್ತರದ ಆ ಶಿಖರವೇ ಅವರ ರಾಷ್ಟ್ರಧ್ವಜದಲ್ಲಿರುವುದು. ಈ ಎರಡು ದಿನ ಸಣ್ಣ ಸಣ್ಣ ದೂರ ಓಡಿಸುತ್ತ ಕೈ ಪಳಗಲಿ.

ಮೂರನೇ ದಿನ ವರ್ಷಿಚ್. ಅರಬೈಲ್ ಏರಿಳಿದವರು ತಿರುವಿಗೆ ಹೆದರಬೇಕಿಲ್ಲ, ಮಳೆ ಮಂಜು ಇಲ್ಲದ ಹಗಲಿನಲ್ಲಿ ಹೋದರೆ ಸಾಕು. ಕ್ರಾನ್ಸ್ಕಾ ಗೋರಾ ಊರಿನಿಂದ ಶುರುವಾಗಿ 1,611 ಮೀಟರ್‌ವರೆಗೆ ಹತ್ತಿ ಸೋಚಾ ಕಣಿವೆಗೆ ಇಳಿಯುವ ಈ ದಾರಿಯಲ್ಲಿ 50 ಹೇರ್‌ಪಿನ್ ತಿರುವುಗಳಿವೆ, ಪ್ರತಿಯೊಂದಕ್ಕೂ ಸಂಖ್ಯೆಯ ಫಲಕ. ಉತ್ತರದ ಕಡೆಯ ತಿರುವುಗಳಿಗೆ ಕಲ್ಲು ಹಾಸಿದೆ, ಒದ್ದೆಯಾದರೆ ಜಾರುತ್ತವೆ. ಅರಬೈಲಿನ ಲಾರಿಸಾಲು ಇಲ್ಲಿಲ್ಲ, ಬದಲಿಗೆ ಬೈಕು ಮತ್ತು ಸೈಕಲ್ಲಿನವರಿದ್ದಾರೆ. ಅವಸರ ಬೇಡ, ಹಿಂದೆ ಬಂದವರಿಗೆ ಪಕ್ಕದಲ್ಲಿ ನಿಂತು ದಾರಿ ಬಿಡಿ.

ಎಂಟನೇ ತಿರುವಿನ ಹತ್ತಿರ ತಪ್ಪದೆ ನಿಲ್ಲಿ. ಈ ರಸ್ತೆಯನ್ನು ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾ-ಹಂಗೇರಿಯ ಸೇನೆ ರಷ್ಯನ್ ಯುದ್ಧಕೈದಿಗಳಿಂದ ಕಟ್ಟಿಸಿತು. 1916ರ ಮಾರ್ಚ್‌ನಲ್ಲಿ ಹಿಮ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಉಳಿದ ಕೈದಿಗಳು ಸತ್ತವರ ನೆನಪಿಗೆ ಕಟ್ಟಿದ ಪುಟ್ಟ ಮರದ ಚರ್ಚು ಕಾಡಿನ ನಡುವೆ ಇಂದಿಗೂ ಇದೆ. ಅಲ್ಲಿ ಹತ್ತು ನಿಮಿಷ ಕುಳಿತೆದ್ದ ಮೇಲೆ ಮುಂದಿನ ಒಂದೊಂದು ತಿರುವೂ ನನಗೆ ಬೇರೆಯಾಗಿಯೇ ಕಂಡಿತ್ತು.

ಘಾಟಿ ಇಳಿದ ಮೇಲೆ ಸೋಚಾ ಕಣಿವೆಯ ಕೊಬಾರಿದ್ ಊರಿನಲ್ಲಿ ಎರಡು ರಾತ್ರಿ. ಸೋಚಾ ನದಿಯ ಪಚ್ಚೆ ಬಣ್ಣವನ್ನು ಯಾವ ಚಿತ್ರವೂ ಸರಿಯಾಗಿ ಹಿಡಿದದ್ದನ್ನು ನಾನು ಕಂಡಿಲ್ಲ. ನೀರು ಮಾತ್ರ ಕೊರೆಯುವ ಚಳಿ. 1917ರ ಅಕ್ಟೋಬರ್‌ನಲ್ಲಿ ಇಟಲಿಯ ಸೇನೆ ಸೋತು ಹಿಂದೆಗೆದದ್ದು ಇದೇ ಊರಿನ ಬಳಿ, ಆ ಯುದ್ಧದ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಡಿ.

ಐದನೇ ದಿನ ದಕ್ಷಿಣಕ್ಕೆ ಇಳಿದು ಶ್ಕೋತ್ಸ್ಯಾನ್ ಗುಹೆ ನೋಡಿ, ರಾತ್ರಿ ಪಿರಾನ್ ಕಡಲೂರಿನಲ್ಲಿ ತಂಗಿ. ಪೊಸ್ತೊಯ್ನಾ ಗುಹೆಯ ಪುಟಾಣಿ ರೈಲು ಹೆಸರುವಾಸಿ, ಮಂಡಿನೋವಿದ್ದರೆ ಅದೇ ಸರಿ. ನಡೆಯಬಲ್ಲಿರಾದರೆ ನನ್ನ ಆಯ್ಕೆ ಶ್ಕೋತ್ಸ್ಯಾನ್, ನೆಲದೊಳಗೆ ಹರಿಯುವ ನದಿಯನ್ನು 45 ಮೀಟರ್ ಎತ್ತರದ ಸೇತುವೆಯ ಮೇಲೆ ದಾಟುತ್ತೀರಿ. ಪಿರಾನ್‌ನ ಹಳೆಯ ಊರೊಳಗೆ ಪ್ರವಾಸಿಗರ ಕಾರು ಬಿಡುವುದಿಲ್ಲ, ಹೊರಗೆ ನಿಲ್ಲಿಸಿ ನಡೆಯಬೇಕು. ಆರನೇ ದಿನ ಲುಬ್ಲಿಯಾನಾಕ್ಕೆ ವಾಪಸ್ಸು, ಸುಮಾರು 120 ಕಿ.ಮೀ.

ಊಟಕ್ಕೆ "ಬ್ರೆಜ್ ಮೆಸಾ" ಎಂದು ಹೇಳಲು ಕಲಿಯಿರಿ, ಮಾಂಸವಿಲ್ಲದ್ದು ಎಂದರ್ಥ. ಚೀಸ್ ತುಂಬಿದ ಶ್ತ್ರುಕ್ಲಿ ಎಂಬ ಹಿಟ್ಟಿನ ಸುರುಳಿ ರುಚಿಯಾಗಿರುತ್ತದೆ. ಯೋತಾ ಎಂಬ ಹುರುಳಿಕಾಯಿ ಬೀಜದ ಸಾರಿನಲ್ಲಿ ಎಷ್ಟೋ ಸಲ ಹಂದಿಮಾಂಸ ಇರುತ್ತದೆ, ವಿಚಾರಿಸಿ. ಅಡುಗೆಮನೆ ಇರುವ ಕೋಣೆ ಹಿಡಿದು ಅಕ್ಕಿ, ಸಾರಿನ ಪುಡಿ, ಅವಲಕ್ಕಿ ಇಟ್ಟುಕೊಂಡರೆ ನಿಶ್ಚಿಂತೆ. ಮಗಳಿಗೆಂದು ತುಪ್ಪ, ಧಾರವಾಡ ಪೇಢೆ ಮಾತ್ರ ಒಯ್ಯಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ಇನ್ನು ನಿಮ್ಮ ಲೈಸೆನ್ಸಿನ ಮಾತು. ಬರೀ ಊರೊಳಗೆ ಓಡಿಸಿದ್ದೇನೆ ಎಂದು ಹಿಂಜರಿಯಬೇಡಿ. ಬೊಹಿನ್ ಸುತ್ತಿನ ರಸ್ತೆ, ಕೊಬಾರಿದ್‌ನಿಂದ ಕಣಿವೆಯುದ್ದಕ್ಕೂ ಹೋಗುವ ರಸ್ತೆ ನೀವು ಓಡಿಸಬಹುದಾದವೇ. ಇಡೀ ದಿನ ಒಬ್ಬರೇ ಓಡಿಸಿದರೆ ಅವರು ಕಾಣುವುದು ಡಾಂಬರು ಮಾತ್ರ. ಸ್ಲೊವೇನಿಯನ್ ಭಾಷೆಯಲ್ಲಿ ಸಂಸ್ಕೃತದಂತೆ ದ್ವಿವಚನ ಇಂದಿಗೂ ಬಳಕೆಯಲ್ಲಿದೆ, "ನಾವಿಬ್ಬರು" ಎನ್ನಲು "ಮಿದ್ವಾ" ಎಂಬ ಒಂದೇ ಪದ. ಕಾರು ಬಾಡಿಗೆಯವರ ಬಳಿ ಎರಡನೇ ಚಾಲಕಿಯೆಂದು ನಿಮ್ಮ ಹೆಸರನ್ನೂ ಬರೆಸಿ, ಸ್ವಲ್ಪ ಹೆಚ್ಚು ಹಣವಾಗುತ್ತದೆ. ಮೂಲ ಲೈಸೆನ್ಸಿನ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯೂ ಬೇಕು, ಅದರ ಅವಧಿ ಒಂದು ವರ್ಷ. ಯಜಮಾನರು ಅರ್ಜಿ ಹಾಕುವ ದಿನವೇ ನಿಮ್ಮದನ್ನೂ ಹಾಕಿ.