ರೆಟಿನಾ ಕಳಚಿಕೊಳ್ಳುವುದೇಕೆ, ಯಾರಿಗೆ ಅಪಾಯ ಹೆಚ್ಚು?

ಕಣ್ಣಿನ ಒಳಭಾಗವನ್ನು ತುಂಬಿರುವ ಲೋಳೆಯಂಥ ದ್ರವ್ಯವು ವಯಸ್ಸಾದಂತೆ ನೀರಾಗಿ ಕುಗ್ಗುತ್ತದೆ. ಹಾಗೆ ಕುಗ್ಗುವಾಗ ಅದು ಗಟ್ಟಿಯಾಗಿ ಅಂಟಿಕೊಂಡಿರುವ ಕಡೆ, ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾವನ್ನು ಎಳೆದು ಹರಿದರೆ, ಆ ಹರುಕಿನ ಮೂಲಕ ದ್ರವವು ಹಿಂದಕ್ಕೆ ನುಸುಳಿ, ತೇವ ಹಿಡಿದ ಗೋಡೆಯಿಂದ ಬಣ್ಣ ಎದ್ದುಬರುವಂತೆ ಪದರವನ್ನು ಬಿಡಿಸುತ್ತದೆ. ಬಹುಪಾಲು ಪ್ರಕರಣಗಳ ಮೂಲ ಇದೇ. ಕನ್ನಡಕದ ಪವರ್ ಮೈನಸ್ 6ಕ್ಕಿಂತ ಹೆಚ್ಚಿರುವ ಸಮೀಪದೃಷ್ಟಿಯುಳ್ಳವರಲ್ಲಿ ಕಣ್ಣುಗುಡ್ಡೆ ಉದ್ದವಾಗಿದ್ದು ರೆಟಿನಾ ತೆಳುವಾಗಿರುವುದರಿಂದ ಅಪಾಯ ಹೆಚ್ಚು, ಅದೂ ಸಾಮಾನ್ಯಕ್ಕಿಂತ ಚಿಕ್ಕ ವಯಸ್ಸಿನಲ್ಲಿ. ಕಣ್ಣಿಗೆ ಬಿದ್ದ ಪೆಟ್ಟು, ಪೊರೆಯ ಶಸ್ತ್ರಚಿಕಿತ್ಸೆ, ಇನ್ನೊಂದು ಕಣ್ಣಿನಲ್ಲಿ ಅಥವಾ ಕುಟುಂಬದಲ್ಲಿ ಇದೇ ತೊಂದರೆ ಆಗಿರುವುದು ಕೂಡ ಅಪಾಯವನ್ನು ಹೆಚ್ಚಿಸುತ್ತದೆ. ಮಧುಮೇಹದಲ್ಲಿ ಮಾತ್ರ ದಾರಿ ಬೇರೆ: ಸಾಮಾನ್ಯವಾಗಿ ಹರುಕಿಲ್ಲದೆಯೇ, ಒಳಗೆ ಬೆಳೆದ, ಗಾಯದ ಕಲೆಯಂಥ ಅಂಗಾಂಶವು ರೆಟಿನಾವನ್ನು ಎಳೆದು ಮೇಲೆತ್ತುತ್ತದೆ. ರೆಟಿನಾ ಕಳಚಿಕೊಳ್ಳುವಾಗ ನೋವಿರುವುದಿಲ್ಲ, ಮೋಸ ಹೋಗುವುದು ಅಲ್ಲಿಯೇ. ಹಠಾತ್ತನೆ ಮಿಂಚು, ತೇಲುವ ಕಪ್ಪು ಚುಕ್ಕೆಗಳು ಅಥವಾ ಪರದೆ ಇಳಿದಂತಹ ನೆರಳು ಕಂಡರೆ ಅಂದೇ ನೇತ್ರತಜ್ಞರಿಗೆ ತೋರಿಸಬೇಕು.