ಗೃಹಸಾಲದ ಕಂತು ತಪ್ಪಿದಾಗ

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಗೃಹಸಾಲ ಮಾಡಿ ಮನೆ ಕಟ್ಟಿಸಿದ್ದೇನೆ. ಇನ್ನೂ ಹತ್ತು ಲಕ್ಷ ರೂಪಾಯಿ ಬಾಕಿಯಿದೆ. ಅಡಿಕೆ ತೋಟದ ಆದಾಯದಿಂದ ಕಂತು ಕಟ್ಟುತ್ತಿದ್ದೆ. ಕೊಳೆರೋಗ, ಎಲೆಚುಕ್ಕಿ ಎರಡೂ ಬಂದು ಫಸಲು ಅರ್ಧಕ್ಕಿಳಿದಿದೆ, ಎರಡು ಕಂತು ತಪ್ಪಿವೆ. ಕೊರೊನಾ ಕಾಲದಂತೆ ಸರ್ಕಾರದಿಂದ ವಿನಾಯಿತಿ ಸಿಗಬಹುದೆ? ಮನೆ ಹರಾಜಾಗುತ್ತದೆಯೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಷ್ಟದಲ್ಲಿರುವ ಮನೆಮಾಲೀಕರ ಕಂತನ್ನು ಸರ್ಕಾರವೇ ಕಟ್ಟುವಂಥ ಸಾರ್ವತ್ರಿಕ ಯೋಜನೆ ನಮ್ಮಲ್ಲಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಬಡ್ಡಿ ಸಹಾಯಧನವು ಹೊಸದಾಗಿ ಮನೆ ಮಾಡಿಕೊಳ್ಳುವವರಿಗೆ ಮೀಸಲು. ತಪ್ಪಿದ ಕಂತಿಗೆ ಅದು ಒದಗುವುದಿಲ್ಲ.

2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ರಿಸರ್ವ್ ಬ್ಯಾಂಕ್ ಅನುಮತಿಸಿದ್ದು ಕಂತಿನ ಮುಂದೂಡಿಕೆಯನ್ನೇ ಹೊರತು ಮನ್ನಾವನ್ನಲ್ಲ. ಆ ಆರು ತಿಂಗಳ ಬಡ್ಡಿ ಬೆಳೆಯುತ್ತಲೇ ಇತ್ತು. ಎರಡು ಕೋಟಿ ರೂಪಾಯಿವರೆಗಿನ ಸಾಲಗಳಲ್ಲಿ ಚಕ್ರಬಡ್ಡಿಗೂ ಸರಳಬಡ್ಡಿಗೂ ಇರುವ ವ್ಯತ್ಯಾಸವನ್ನು ಮಾತ್ರ ಕೇಂದ್ರ ಸರ್ಕಾರ ಭರಿಸಿತು. ನಿಮ್ಮ ಹತ್ತು ಲಕ್ಷಕ್ಕೆ ಬಡ್ಡಿ ಶೇ 9 ಎಂದಿಟ್ಟುಕೊಂಡರೆ, ಆರು ತಿಂಗಳು ಕಂತು ಮುಂದೂಡಿದಾಗ ಸುಮಾರು 45 ಸಾವಿರ ರೂಪಾಯಿ ಸಾಲಕ್ಕೆ ಸೇರುತ್ತದೆ. ಬ್ಯಾಂಕು ಈಗ ಅಂಥ ಅವಕಾಶ ಕೊಟ್ಟರೂ ಈ ಲೆಕ್ಕವನ್ನು ಮರೆಯಬೇಡಿ.

ಹರಾಜಿನ ಭಯ ಸದ್ಯಕ್ಕೆ ಬೇಡ, ಆದರೆ ದಿನಗಳನ್ನು ಎಣಿಸುತ್ತಿರಿ. ಬಾಕಿ 90 ದಿನ ದಾಟಿದರೆ ಸಾಲವನ್ನು ಅನುತ್ಪಾದಕ ಆಸ್ತಿಯೆಂದು, ಅಂದರೆ ಮರುಪಾವತಿ ನಿಂತ ಸಾಲವೆಂದು ವರ್ಗೀಕರಿಸುತ್ತಾರೆ. ಅನಂತರ, ಅಡವಿಟ್ಟ ಆಸ್ತಿಯನ್ನು ವಶಕ್ಕೆ ಪಡೆದು ಸಾಲ ವಸೂಲು ಮಾಡಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿ, ಬಾಕಿ ತೀರಿಸುವಂತೆ ಬ್ಯಾಂಕು 60 ದಿನಗಳ ನೋಟಿಸು ಕೊಡಬಹುದು. ಅದಕ್ಕೆ ನೀವು ಆಕ್ಷೇಪಣೆ ಬರೆದರೆ 15 ದಿನಗಳೊಳಗೆ ಉತ್ತರಿಸುವುದು ಬ್ಯಾಂಕಿನ ಕರ್ತವ್ಯ. ಸ್ವಾಧೀನಕ್ಕೆ ಮುಂದಾದರೆ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಅದಕ್ಕಾಗಿ ಬೆಂಗಳೂರಿಗೆ ಅಲೆಯಬೇಕು, ವಕೀಲರನ್ನು ಹಿಡಿಯಬೇಕು. ಅಲ್ಲಿಯವರೆಗೆ ಬೆಳೆಯಲು ಬಿಡಬೇಡಿ.

ಸಾಲಗಾರನೆಂಬ ನಾಚಿಕೆಗೆ ಬ್ಯಾಂಕಿನ ಮುಂದಿನ ರಸ್ತೆಯಲ್ಲೂ ನಡೆಯದ ಸಭ್ಯ ಕೃಷಿಕರನ್ನು ನಮ್ಮ ಮಲೆನಾಡಿನಲ್ಲಿ ಕಂಡಿದ್ದೇನೆ. ಅವರ ಮೌನವೇ ಅವರಿಗೆ ಹೆಚ್ಚು ನಷ್ಟ ಮಾಡಿದೆ. ಮೂರನೆಯ ಕಂತು ತಪ್ಪುವ ಮೊದಲೇ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಅರ್ಜಿ ಕೊಟ್ಟು, ಫಸಲು ಹಾಳಾದುದನ್ನು, ಹಿಂದಿನ ಮತ್ತು ಈ ವರ್ಷದ ಮಂಡಿ ಪಟ್ಟಿಗಳನ್ನು, ಮುಂದಿನ ಕೊಯ್ಲಿನ ನಿರೀಕ್ಷೆಯನ್ನು ಅದರಲ್ಲಿ ಕಾಣಿಸಿ, ಸಾಲದ ಅವಧಿ ವಿಸ್ತರಿಸಿ ಕಂತನ್ನು ಇಳಿಸುವಂತೆ ಕೇಳಿ. ಒಪ್ಪುವುದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ಮರುಹೊಂದಾಣಿಕೆಯಾದ ಸಾಲವೆಂಬ ದಾಖಲೆಯೂ ಉಳಿಯಬಹುದು. ಹಾಗಿದ್ದರೂ ಮನೆ ಉಳಿಸಿಕೊಳ್ಳಲು ಅದೇ ಮೇಲು ಎಂದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಕೈಯಲ್ಲಿದ್ದಷ್ಟನ್ನು ಕಟ್ಟುತ್ತಿರಿ.

ತಪ್ಪಿದ ಕಂತಿಗೆ ವಿಧಿಸುವ ದಂಡಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕಬಾರದೆಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿದೆ. ಖಾತೆಯ ವಿವರ ಪಡೆದು ಇದನ್ನು ಪರಿಶೀಲಿಸಿ. ಹಾಗೆ ಬಡ್ಡಿ ಹಾಕಿದ್ದರೆ ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಅರ್ಜಿಯಾಗಲಿ ದೂರಾಗಲಿ, ನಕಲಿನ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕವನ್ನು ಹಾಕಿಸಿಕೊಂಡೇ ಹೊರಬನ್ನಿ.