ಶರಬತ್ತು, ಶರಾಬು, ಸಿರಪ್: ಮೂರೂ ಒಂದೇ ಮನೆಯವು

ಜ್ಯೂಸ್, ಶರಬತ್ತು, ಸ್ಕ್ವಾಷ್, ಪಂಚ್ ಅಂತೆಲ್ಲ ಹಣ್ಣಿನ ಪಾನೀಯಗಳಿಗೆ ಹೆಸರು ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ತಮಾಷೆ ಅಂದ್ರೆ, ಇವುಗಳಲ್ಲಿ ಹೆಚ್ಚಿನ ಹೆಸರುಗಳಿಗೂ ಹಣ್ಣಿಗೂ ಮೂಲದಲ್ಲಿ ನಂಟೇ ಇಲ್ಲ.

ನನಗೆ ಜಾಸ್ತಿ ಇಷ್ಟವಾಗುವುದು ಶರಬತ್ತಿನ ಕತೆ. ಅರಬ್ಬಿಯಲ್ಲಿ 'ಶರಿಬ' ಅಂದರೆ ಕುಡಿದ. ಅದರಿಂದ ಹುಟ್ಟಿದ 'ಶರಾಬ್' ಅಂದರೆ ಕುಡಿಯುವಂಥದ್ದು, ಅಷ್ಟೇ. ಹೆಂಡವೇ ಆಗಬೇಕೆಂದೇನೂ ಇರಲಿಲ್ಲ. ನಮ್ಮ ಕಡೆಗೆ ಬರುವ ಹೊತ್ತಿಗೆ ಶರಾಬು ಅಮಲಿನ ಪಾಲಾಯಿತು. ಅದೇ ಬೇರಿನ ಶರಬತ್ತು ಮಾತ್ರ ಮಕ್ಕಳ ಲೋಟಕ್ಕೆ ಬಂತು! ಹಳೆಯ ಅರಬ್ ವೈದ್ಯರು ಸಕ್ಕರೆ ಪಾಕದಲ್ಲಿ ಮಾಡಿದ ಔಷಧಿಯನ್ನೂ ಶರಾಬ್ ಅಂತಲೇ ಕರೆಯುತ್ತಿದ್ದರು. ಅವರ ವೈದ್ಯ ಪುಸ್ತಕಗಳು ಲ್ಯಾಟಿನ್‌ಗೆ ಹೋದಾಗ ಅದು 'ಸಿರೋಪಸ್' ಆಯಿತು, ಇಂಗ್ಲಿಷಿನಲ್ಲಿ ಸಿರಪ್. ಕೆಮ್ಮಿಗೆ ಕುಡಿಯುತ್ತೇವಲ್ಲ, ಅದೇ. ಇನ್ನೊಂದು ಕವಲು ತುರ್ಕಿಯ 'ಶೆರ್ಬೆತ್'. ಅದು ಇಟಲಿಗೆ ಹೋಗಿ 'ಸೊರ್ಬೆತ್ತೊ', ಫ್ರಾನ್ಸಿಗೆ ಹೋಗಿ 'ಸೊರ್ಬೆ' ಆಯಿತು. ಅಷ್ಟರಲ್ಲಿ ಹೆಪ್ಪುಗಟ್ಟಿ ಚಮಚದಲ್ಲಿ ತಿನ್ನುವ ತಿನಿಸೇ ಆಗಿಬಿಟ್ಟಿತ್ತು.

ಜ್ಯೂಸ್ ಲ್ಯಾಟಿನ್ನಿನ 'ಯೂಸ್' ಎಂಬ ಪದದಿಂದ ಬಂದದ್ದು. ಅದರ ಅರ್ಥ ಸಾರು! ಬೇಯಿಸಿದ ಮಾಂಸದ ರಸಕ್ಕೂ ಅದೇ ಹೆಸರು. ಫ್ರೆಂಚರು ಇವತ್ತಿಗೂ ಹಣ್ಣಿನ ರಸಕ್ಕೂ ಮಾಂಸದ ರಸಕ್ಕೂ 'ಜ್ಯೂ' ಅಂತಲೇ ಹೇಳುತ್ತಾರೆ.

ಸ್ಕ್ವಾಷ್‌ನಲ್ಲಿ ಹೆಚ್ಚೇನಿಲ್ಲ, ಹಿಸುಕಿದ್ದು, ಜಜ್ಜಿದ್ದು ಅಂತ ಅರ್ಥ. ಕಾರ್ಡಿಯಲ್, ಅಂದರೆ ನೀರು ಬೆರೆಸಿ ಕುಡಿಯುವ ಸಿಹಿ ಪಾಕ, ಅನ್ನೋದು ಲ್ಯಾಟಿನ್ನಿನ 'ಕೊರ್', ಅಂದರೆ ಹೃದಯ, ಅದರಿಂದ ಬಂದದ್ದು. ಮೊದಲು ಎದೆಗೆ ಬಲ ಕೊಡುವ ಔಷಧಿ ಅಂತ ಕುಡಿಯುತ್ತಿದ್ದರು. ಲೆಮನೇಡ್‌ನ ಕೊನೆಯ 'ಏಡ್'ಗೆ 'ಅದರಿಂದ ಮಾಡಿದ್ದು' ಅನ್ನುವ ಅರ್ಥವಿದೆ.

ಪಂಚ್ ಬಗ್ಗೆ ಮಾತ್ರ ಜಗಳ ಇದೆ. ಹೆಂಡ, ಸಕ್ಕರೆ, ನಿಂಬೆ, ನೀರು, ಮಸಾಲೆ ಹೀಗೆ ಐದು ಸೇರಿದ್ದರಿಂದ ನಮ್ಮ 'ಪಂಚ'ವೇ ಇಂಗ್ಲಿಷಿಗೆ ಹೋಯಿತು ಅನ್ನುವವರೇ ಜಾಸ್ತಿ. ಈಸ್ಟ್ ಇಂಡಿಯಾ ಕಂಪನಿಯವರ 1632ರ ಒಂದು ಪತ್ರದಲ್ಲಿ ಈ ಪದ ಸಿಗುತ್ತದೆ. ಅಲ್ಲ, ಅದು 'ಪಂಚನ್' ಎಂಬ ಪೀಪಾಯಿಯಿಂದ ಬಂತು ಅನ್ನುವವರೂ ಇದ್ದಾರೆ. ನನ್ನ ಓಟು ಐದಕ್ಕೇ.

ಎಲ್ಲ ಹೆಸರೂ ಇಷ್ಟು ಹಳೆಯದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿಗೆ ಕೋಕಾ-ಕೋಲಾದ ಸಿರಪ್ ಬರುವುದು ನಿಂತುಹೋಯಿತು. ಅಲ್ಲಿನ ಕಂಪನಿಯವರು ಸೇಬಿನ ಹಿಂಡಿ, ಚೀಸ್ ಮಾಡಿ ಉಳಿದ ನೀರು ಅಂತ ಸಿಕ್ಕಿದ್ದನ್ನೆಲ್ಲ ಹಾಕಿ ಒಂದು ಪಾನೀಯ ಮಾಡಿದರು. ಹೆಸರಿಗೆ ಸ್ವಲ್ಪ 'ಫಾಂಟಸಿ', ಅಂದರೆ ಕಲ್ಪನೆ ಓಡಿಸಿ ಅಂತ ಕಂಪನಿಯ ಮುಖ್ಯಸ್ಥ ಅಂದಾಗ ಮಾರಾಟದವನೊಬ್ಬ ಥಟ್ಟನೆ 'ಫ್ಯಾಂಟಾ' ಅಂದನಂತೆ. ಈಗ ನಮಗೆ ಗೊತ್ತಿರುವ ಕಿತ್ತಳೆಯ ಫ್ಯಾಂಟಾ ಶುರುವಾದದ್ದು 1955ರಲ್ಲಿ, ಅದೂ ಇಟಲಿಯ ನೇಪಲ್ಸ್‌ನಲ್ಲಿ.